ದಡ್ಡನಲ್ಲ, ಸೋಮಾರಿಯೂ ಅಲ್ಲ: ಮಕ್ಕಳ ಮನಸ್ಸಿನ ಜೊತೆ ಒಂದು ವೃತ್ತಿ

ಕಲಾಸಿಪಾಳ್ಯಕ್ಕೆ ಬೆಳಗಾಗುವುದು ಸೂರ್ಯ ಹುಟ್ಟಿದ ಮೇಲಲ್ಲ. ನಸುಕಿಗೆ ಮೊದಲೇ ತರಕಾರಿ ಮೂಟೆಗಳು ಇಳಿಯುತ್ತವೆ, ದೂರದೂರಿನ ಬಸ್ಸುಗಳು ಬಂದು ನಿಲ್ಲುತ್ತವೆ, ಲಾರಿ ಆಫೀಸುಗಳ ಮುಂದೆ ಹಮಾಲರು ಟೀ ಕುಡಿಯುತ್ತಾ ಕಾಯುತ್ತಾರೆ. ಈ ಗದ್ದಲದ ನಡುವೆಯೇ ಸಮವಸ್ತ್ರ ತೊಟ್ಟ ಮಕ್ಕಳು ಶಾಲೆಗೆ ಹೊರಡುತ್ತವೆ. ಮನೆಯಲ್ಲಿ ತಮಿಳೋ ತೆಲುಗೋ ಉರ್ದುವೋ, ಬೀದಿಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್. ಹತ್ತು ವರ್ಷದ ಮಗು ಮೂರು ಭಾಷೆಗಳಲ್ಲಿ ಜಗಳವಾಡಬಲ್ಲದು. ಆದರೆ ಅದೇ ಮಗು ಒಂದು ಭಾಷೆಯಲ್ಲೂ ಸರಿಯಾಗಿ ಒಂದು ಪುಟ ಓದಲಾರದಿದ್ದರೆ?

‘ದಡ್ಡ’ ಎಂದು ಶಾಲೆ ಹೇಳುತ್ತದೆ. ‘ಸೋಮಾರಿ’ ಎಂದು ಅಪ್ಪ ಹೇಳುತ್ತಾನೆ. ‘ಯಾರ ಕಣ್ಣೋ ಬಿತ್ತು’ ಎಂದು ಅಜ್ಜಿ ಹೇಳುತ್ತಾಳೆ. ಕಲಾಸಿಪಾಳ್ಯದಿಂದ ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಗೆ ಇರುವುದು ಕೆಲವೇ ಕಿಲೋಮೀಟರು. ಸಿಟಿ ಬಸ್ಸಿನಲ್ಲಿ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಆದರೂ ಆ ದೂರವನ್ನು ಕ್ರಮಿಸಲು ಎಷ್ಟೋ ಸಂಸಾರಗಳಿಗೆ ವರ್ಷಗಳೇ ಬೇಕಾಗುತ್ತವೆ. ‘ಅಲ್ಲಿಗೆ ಹೋದರೆ ಮಗುವಿಗೆ ಹುಚ್ಚು ಅನ್ನುತ್ತಾರೆ’ ಎಂಬ ಅಂಜಿಕೆ ಬಸ್ ಚಾರ್ಜಿಗಿಂತ ದೊಡ್ಡದು.

ಆ ದೂರವನ್ನು ಕಡಿಮೆ ಮಾಡುವ ಕೆಲಸವೊಂದಿದೆ. ಅದನ್ನು ಮಾಡುವವರನ್ನು ಚಿಕಿತ್ಸಾ ಮನೋವಿಜ್ಞಾನಿ, ಅಂದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಎನ್ನುತ್ತಾರೆ. ಪಿಯುಸಿ ಮುಗಿಸಿ ‘ಮುಂದೇನು?’ ಎಂದು ಯೋಚಿಸುತ್ತಿರುವ ವಿದ್ಯಾರ್ಥಿಗಳಿಗೂ, ಮಗುವಿನ ಮಾರ್ಕ್ಸ್ ಕಾರ್ಡ್ ಹಿಡಿದು ಕಂಗೆಟ್ಟಿರುವ ತಾಯಿ ತಂದೆಯರಿಗೂ ಈ ವೃತ್ತಿಯ ಪರಿಚಯ ಇರುವುದು ಒಳ್ಳೆಯದು.

ಇವರು ಯಾರು, ಏನು ಮಾಡುತ್ತಾರೆ?

ಮೊದಲು ಒಂದು ಗೊಂದಲ ಪರಿಹಾರವಾಗಬೇಕು. ಮನೋವೈದ್ಯರು ಎಂ.ಬಿ.ಬಿ.ಎಸ್. ಓದಿ, ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಅವರು ಔಷಧ ಬರೆಯುತ್ತಾರೆ. ಚಿಕಿತ್ಸಾ ಮನೋವಿಜ್ಞಾನಿಗಳು ವೈದ್ಯರಲ್ಲ. ಅವರು ಮನೋವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಅದರ ಮೇಲೆ ಆಸ್ಪತ್ರೆಯಲ್ಲಿ ರೋಗಿಗಳ ನಡುವೆ ತರಬೇತಿ ಪಡೆದವರು. ಗುಳಿಗೆ ಅವರ ಕೈಯಲ್ಲಿಲ್ಲ. ಅವರ ಸಾಧನಗಳು ಮಾತು, ಆಟ, ಪರೀಕ್ಷೆ ಮತ್ತು ತಾಳ್ಮೆ. ಆಪ್ತಸಲಹೆಗಾರರು ದಿನನಿತ್ಯದ ಸಮಸ್ಯೆಗಳಿಗೆ ಕಿವಿಗೊಟ್ಟು ದಾರಿ ತೋರುತ್ತಾರೆ. ತೊಂದರೆಯ ಬೇರು ಎಲ್ಲಿದೆ ಎಂದು ಕ್ರಮವಾಗಿ ಅಳೆದು, ಹೆಸರಿಟ್ಟು, ಚಿಕಿತ್ಸೆ ಯೋಜಿಸುವುದು ಚಿಕಿತ್ಸಾ ಮನೋವಿಜ್ಞಾನಿಯ ಹೊಣೆ. ಒಳ್ಳೆಯ ಕೇಂದ್ರಗಳಲ್ಲಿ ಈ ಮೂವರೂ ಒಟ್ಟಾಗಿ ದುಡಿಯುತ್ತಾರೆ.

ಕೆಲಸ ಹೇಗಿರುತ್ತದೆ ಎಂಬುದು ತಿಳಿಯಬೇಕಾದರೆ ಒಂದು ಸಂಸಾರವನ್ನು ಊಹಿಸಿಕೊಳ್ಳಿ. ಅಪ್ಪ ಗೂಡ್ಸ್ ಆಟೋ ಓಡಿಸುತ್ತಾನೆ. ಅಮ್ಮ ಮನೆಯಲ್ಲೇ ಹೂವು ಕಟ್ಟುತ್ತಾಳೆ. ಹುಡುಗನಿಗೆ 11 ವರ್ಷ, ಆರನೇ ತರಗತಿ. ಮೂರನೇ ತರಗತಿಯಲ್ಲಿ ಕನ್ನಡ ಶಾಲೆ ಬಿಡಿಸಿ ಸಾಲ ಮಾಡಿ ಇಂಗ್ಲಿಷ್ ಶಾಲೆಗೆ ಹಾಕಿದ್ದಾರೆ. ಈಗ ಎಲ್ಲ ವಿಷಯಗಳಲ್ಲೂ ಫೇಲು. ಪ್ರತಿ ಸೋಮವಾರ ಹೊಟ್ಟೆನೋವು. ಸ್ಕ್ಯಾನ್ ಮಾಡಿಸಿದ್ದಾಯಿತು, ಏನೂ ಕಾಣಲಿಲ್ಲ. ಅಪ್ಪ ಒಂದು ತೀರ್ಮಾನಕ್ಕೆ ಬಂದಿದ್ದಾನೆ: ಈ ವರ್ಷ ನೋಡುವುದು, ಆಮೇಲೆ ಶಾಲೆ ಬಿಡಿಸಿ ಭಾವಮೈದುನನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹಾಕುವುದು.

‘ಇವನು ಬೇಕೂಂತ್ಲೇ ಓದಲ್ಲ ಮೇಡಂ. ಸಿನಿಮಾ ಡೈಲಾಗ್ ಅಷ್ಟೂ ಬಾಯಿಪಾಠ ಹೇಳ್ತಾನೆ. ಪುಸ್ತಕ ಹಿಡಿದ್ರೆ ಮಾತ್ರ ಹೊಟ್ಟೆನೋವು’ ಎನ್ನುತ್ತಾನೆ ಅಪ್ಪ.

‘ಅರ್ಧ ಉತ್ತರ ನೀವೇ ಹೇಳಿಬಿಟ್ರಲ್ಲ. ಕೇಳಿದ್ದು ತಲೇಲಿ ನಿಲ್ಲುತ್ತೆ, ಓದಿದ್ದು ಹತ್ತಲ್ಲ. ಯಾಕೆ ಅಂತ ನೋಡೋಣ, ನಾಲ್ಕು ಸಲ ಕರ್ಕೊಂಡು ಬನ್ನಿ.’

ಆ ‘ನಾಲ್ಕು ಸಲ’ದಲ್ಲಿ ಈ ವೃತ್ತಿಯ ಮುಕ್ಕಾಲು ಪಾಲು ಅಡಗಿದೆ. ಮೊದಲ ಸಲ ತಾಯಿಯಿಂದ ಮಗುವಿನ ಕಥೆ: ಹೆರಿಗೆ ಹೇಗಾಯಿತು, ಎಷ್ಟು ತಿಂಗಳಿಗೆ ನಡೆಯಿತು, ಮಾತು ಯಾವಾಗ ಬಂತು, ಫಿಟ್ಸ್ ಬಂದಿತ್ತೇ, ಶಾಲೆಯಲ್ಲಿ ಏನು ನಡೆಯಿತು. ಕಣ್ಣು ಮತ್ತು ಕಿವಿಯ ಪರೀಕ್ಷೆ ಆಗಿದೆಯೇ ಎಂದು ತಪ್ಪದೆ ಕೇಳುತ್ತಾರೆ. ಕರಿಹಲಗೆ ಕಾಣದ ಮಗುವಿಗೆ ಬುದ್ಧಿಪರೀಕ್ಷೆ ಮಾಡಿ ಏನು ಫಲ? ಎರಡನೇ ಸಲ ನೋಟ್ ಪುಸ್ತಕಗಳ ಪರಿಶೀಲನೆ, ಮಗುವಿನ ಜೊತೆ ಆಟ, ಚಿತ್ರ, ಹರಟೆ. ಮೂರನೇ ಸಲ ಪರೀಕ್ಷೆಗಳು. ನಾಲ್ಕನೇ ಸಲ ತಾಯಿ ತಂದೆಯರಿಗೆ ವಿವರಣೆ. ಬಹುಮಂದಿ ಮೂರನೆಯದನ್ನೇ ದೊಡ್ಡದೆಂದು ತಿಳಿಯುತ್ತಾರೆ. ಅನುಭವಿಗಳು ಹೆಚ್ಚು ಸಮಯ ಕೊಡುವುದು ನಾಲ್ಕನೆಯದಕ್ಕೆ.

ಬುದ್ಧಿಯನ್ನು ಅಳೆಯುವುದು ಎಂದರೆ

ಬುದ್ಧಿಪರೀಕ್ಷೆ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ, 1905ರಲ್ಲಿ. ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲೆಂದು ಆಲ್‌ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸೈಮನ್ ಅದನ್ನು ರೂಪಿಸಿದರು. ಮಕ್ಕಳನ್ನು ಹೊರಗೆ ತಳ್ಳುವುದಕ್ಕಲ್ಲ, ಕೈಹಿಡಿಯುವುದಕ್ಕೆ ಎಂಬುದನ್ನು ಮರೆಯಬಾರದು. ಅದನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿದವರು ವಿ.ವಿ. ಕಾಮತ್. ಅವರ ಪ್ರಬಂಧ 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನೋವಿಜ್ಞಾನದ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ‘ಬಿನೆ–ಕಾಮತ್ ಪರೀಕ್ಷೆ’ಯ ಹೆಸರನ್ನು ದೇಶದ ಮನೋವಿಜ್ಞಾನ ವಿದ್ಯಾರ್ಥಿಗಳೆಲ್ಲ ಬಲ್ಲರು. ಭಾರತದ ಮಕ್ಕಳ ಬುದ್ಧಿಯನ್ನು ಅವರ ಮಾತಿನಲ್ಲೇ ಅಳೆಯುವ ಆರಂಭದ ಪ್ರಯತ್ನಗಳಲ್ಲಿ ಕನ್ನಡಕ್ಕೆ ಹೀಗೊಂದು ಸ್ಥಾನವಿದೆ.

ಹಾಗೆಂದು ಅಂಕಿಯನ್ನೇ ನಂಬಿ ಕೂರುವಂತಿಲ್ಲ. ದಶಕಗಳ ಹಿಂದಿನ ಮಕ್ಕಳನ್ನು ನೋಡಿ ಮಾಡಿದ ಲೆಕ್ಕ ಇಂದಿನ ಮಗುವಿಗೆ ಪೂರ್ತಿ ಹೊಂದುವುದಿಲ್ಲ. ಮಾತಿನ ಪ್ರಶ್ನೆಗಳನ್ನು ಮಗುವಿಗೆ ಸರಿಯಾಗಿ ಬಾರದ ಭಾಷೆಯಲ್ಲಿ ಕೇಳಿದರೆ ಅಳೆದಂತಾಗುವುದು ಬುದ್ಧಿಯನ್ನಲ್ಲ, ಭಾಷೆಯನ್ನು. ಆದ್ದರಿಂದಲೇ ಮಾತು ಬೇಡದ, ಮರದ ತುಂಡುಗಳನ್ನು ಸರಿಯಾದ ಗುಳಿಗೆ ಕೂರಿಸುವ, ವಿನ್ಯಾಸ ಜೋಡಿಸುವ ಪರೀಕ್ಷೆಗಳನ್ನೂ ಜೊತೆಗೆ ಬಳಸುತ್ತಾರೆ. ಕಲಾಸಿಪಾಳ್ಯದಂಥ ಕಡೆಯಿಂದ ಬರುವ ಬಹುಭಾಷೆಯ ಮಗುವಿನ ವಿಷಯದಲ್ಲಿ ‘ಯಾವ ಭಾಷೆಯಲ್ಲಿ ಕೇಳಲಿ?’ ಎಂಬುದೇ ಮೊದಲ ಪ್ರಶ್ನೆ.

ಓದುವ ತೊಡಕಿಗೆ ಬೇರೆಯೇ ಪರೀಕ್ಷೆಗಳಿವೆ. ನಿಮ್ಹಾನ್ಸ್‌ನಲ್ಲಿ 1991ರಲ್ಲಿ ಸಿದ್ಧವಾದ ಕಲಿಕಾ ನ್ಯೂನತೆಯ ಪರೀಕ್ಷಾ ಮಾಲೆ ಅವುಗಳಲ್ಲಿ ಹೆಸರಾದುದು. ಇಲ್ಲಿಯೂ ಕನ್ನಡದ ಸ್ವಭಾವ ತಿಳಿದಿರಬೇಕು. ಇಂಗ್ಲಿಷಿನಲ್ಲಿ 26 ಅಕ್ಷರ ಕಲಿತರೆ ಮುಗಿಯಿತು, ಕಷ್ಟವಿರುವುದು ಕಾಗುಣಿತ ನಿಯಮ ಮೀರುವ ಪದಗಳಲ್ಲಿ. ಕನ್ನಡದಲ್ಲಿ ಬರೆದಂತೆ ಓದಬಹುದು. ಆದರೆ ಕಾಗುಣಿತ, ಒತ್ತಕ್ಷರ ಸೇರಿ ಕಲಿಯಬೇಕಾದ ರೂಪಗಳು ನೂರಾರು. ಬೆಂಗಳೂರಿನಲ್ಲಿ ಈ ಬಗ್ಗೆ ಕೆಲಸ ಮಾಡಿದ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕನ್ನಡದ ಅಕ್ಷರಗಳನ್ನು ಪೂರ್ತಿಯಾಗಿ ಕಲಿಯಲು ಮಕ್ಕಳಿಗೆ ಒಂದೆರಡು ವರ್ಷ ಸಾಲದು, ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಹಿಡಿಯುತ್ತವೆ. ಅಂದರೆ ಎರಡನೇ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ಅದು ರೋಗವಲ್ಲ. ಆರನೇ ತರಗತಿಯಲ್ಲೂ ಪ್ರತಿ ಒತ್ತಕ್ಷರದ ಬಳಿ ನಿಂತು ಬೆವರಿದರೆ ಆಗ ನೋಡಬೇಕು. ಈ ಕಾರಣದಿಂದಲೇ ಎಂಟು ವರ್ಷ ತುಂಬುವ ಮೊದಲು ಮಗುವಿಗೆ ‘ಕಲಿಕಾ ನ್ಯೂನತೆ’ ಎಂಬ ಹೆಸರನ್ನು ಸಾಮಾನ್ಯವಾಗಿ ಕೊಡುವುದಿಲ್ಲ.

ಊಹಿಸಿಕೊಂಡ ನಮ್ಮ ಹುಡುಗನ ಬುದ್ಧಿ ಸಾಮಾನ್ಯ ಮಟ್ಟದಲ್ಲೇ ಇದೆ, ಓದು ಮಾತ್ರ ಎರಡನೇ ತರಗತಿಯಲ್ಲಿ ನಿಂತಿದೆ, ಅದೂ ಎರಡೂ ಭಾಷೆಗಳಲ್ಲಿ ಎಂದು ಕಂಡುಬರುತ್ತದೆ. ಸೋಮವಾರದ ಹೊಟ್ಟೆನೋವು ನಾಟಕವಲ್ಲ, ತರಗತಿಯಲ್ಲಿ ಎದ್ದು ನಿಂತು ಓದಬೇಕಾಗುತ್ತದೆಂಬ ಭಯ. ಭಯವೂ ಹೊಟ್ಟೆಯನ್ನು ನಿಜವಾಗಿಯೇ ನೋಯಿಸುತ್ತದೆ. ಈಗ ಮಾಡಬೇಕಾದದ್ದು ಏನು? ಅಕ್ಷರ ಮತ್ತು ಧ್ವನಿಗಳನ್ನು ಬೇರೆ ಕ್ರಮದಲ್ಲಿ, ನಿಧಾನವಾಗಿ ಕಲಿಸುವ ವಿಶೇಷ ಪಾಠ. ಶಾಲೆಗೆ ಒಂದು ಪತ್ರ: ಎಲ್ಲರೆದುರು ಗಟ್ಟಿಯಾಗಿ ಓದಿಸಬೇಡಿ, ಪ್ರಶ್ನೆಯನ್ನು ಓದಿ ಹೇಳಿ, ಸಮಯ ಹೆಚ್ಚು ಕೊಡಿ. ಮನೆಗೆ ಒಂದು ಕರಾರು: ಬೆಲ್ಟು ಗೋಡೆಯ ಮೊಳೆಯಲ್ಲೇ ಇರಲಿ. ಕಲಿಕಾ ನ್ಯೂನತೆಯನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ತನ್ನ 21 ವರ್ಗಗಳಲ್ಲಿ ಸೇರಿಸಿದೆ. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ನೆರವಿನಂಥ ರಿಯಾಯಿತಿಗಳಿಗೆ ಅವಕಾಶವುಂಟು.

ಇಷ್ಟಾದರೆ ಹುಡುಗ ರ‍್ಯಾಂಕ್ ಬರುತ್ತಾನೆಯೇ? ಹಾಗೆಂದು ಯಾವ ಪ್ರಾಮಾಣಿಕ ಮನೋವಿಜ್ಞಾನಿಯೂ ಮಾತು ಕೊಡುವುದಿಲ್ಲ. ಓದು ಜೀವನಪೂರ್ತಿ ಸ್ವಲ್ಪ ನಿಧಾನವೇ ಇದ್ದೀತು. ಆದರೆ ಶಾಲೆ ಬಿಟ್ಟು ಅಂಗಡಿಗೆ ಹೋಗುವುದು ತಪ್ಪೀತು. ಅದಕ್ಕಿಂತ ಮುಖ್ಯವಾಗಿ, ‘ನಾನು ದಡ್ಡ’ ಎಂದು 11ನೇ ವಯಸ್ಸಿನಲ್ಲಿ ತನಗೆ ತಾನೇ ಕೊಟ್ಟುಕೊಂಡ ತೀರ್ಪು ಬದಲಾದೀತು. ಆ ಹುಡುಗನ ಮುಂದಿನ ಬದುಕು ನಿಂತಿರುವುದು ಅಷ್ಟರ ಮೇಲೆ.

ಬೆಂಗಳೂರಿನ ಪರಂಪರೆ

ಈ ಶಾಸ್ತ್ರಕ್ಕೆ ನಮ್ಮ ನಾಡಿನಲ್ಲಿ ಆಳವಾದ ಬೇರುಗಳಿವೆ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗ ಕಟ್ಟಿದರು. 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿ, ‘ಆಕಾಶವಾಣಿ’ ಎಂಬ ಹೆಸರನ್ನು ನಾಡಿಗೆ ಪರಿಚಯಿಸಿದವರೂ ಇವರೇ. ಬೆಂಗಳೂರಿನ ಹುಚ್ಚಾಸ್ಪತ್ರೆಗೆ 1925ರಲ್ಲಿ ‘ಮೆಂಟಲ್ ಹಾಸ್ಪಿಟಲ್’ ಎಂಬ ಹೆಸರು ಬಂತು. 1954ರಲ್ಲಿ ಅದರ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮರುವರ್ಷವೇ ಅಲ್ಲಿ ಆರಂಭವಾದ ವೈದ್ಯಕೀಯ ಮನೋವಿಜ್ಞಾನದ ಡಿಪ್ಲೊಮಾ ತರಗತಿಯಿಂದ ದೇಶದ ಮೊದಲ ತಲೆಮಾರಿನ ಚಿಕಿತ್ಸಾ ಮನೋವಿಜ್ಞಾನಿಗಳು ಹೊರಬಂದರು. ಆಸ್ಪತ್ರೆ ಮತ್ತು ಸಂಸ್ಥೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು.

ಮಕ್ಕಳ ವಿಷಯಕ್ಕೆ ಬಂದರೆ ಡಾ. ಮಾಳವಿಕಾ ಕಪೂರ್ ಅವರ ಹೆಸರು ಮೊದಲು ಬರುತ್ತದೆ. ನಿಮ್ಹಾನ್ಸ್‌ನ ಚಿಕಿತ್ಸಾ ಮನೋವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದ ಇವರು, ಆಸ್ಪತ್ರೆಗೆ ಬಂದ ಮಕ್ಕಳನ್ನು ನೋಡಿದರೆ ಸಾಲದು, ಶಾಲೆಗೇ ಹೋಗಬೇಕು ಎಂದು ನಂಬಿ, ಮಕ್ಕಳ ತೊಂದರೆಗಳನ್ನು ಗುರುತಿಸಲು ಶಿಕ್ಷಕರಿಗೇ ತರಬೇತಿ ಕೊಡುವ ದಾರಿ ಹಿಡಿದರು. ಭಾರತದ ಮಕ್ಕಳ ಮಾನಸಿಕ ಆರೋಗ್ಯದ ಮೇಲಿನ ಅವರ ಪುಸ್ತಕ 1995ರಲ್ಲಿ ಹೊರಬಂತು. ಇವರು ಶಿವರಾಮ ಕಾರಂತರ ಮಗಳು. ತಂದೆ 1930ರ ದಶಕದಲ್ಲೇ ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಸಂಪುಟಗಳನ್ನು ಬರೆದರು, ಪುತ್ತೂರಿನ ಬಾಲವನದಲ್ಲಿ ಆಟ ಪಾಠ ಬೆರೆಸಿದ ಶಿಕ್ಷಣದ ಪ್ರಯೋಗ ನಡೆಸಿದರು. ಮಗಳು ಮಕ್ಕಳ ಮನಸ್ಸನ್ನೇ ತನ್ನ ಶಾಸ್ತ್ರವಾಗಿ ಆರಿಸಿಕೊಂಡರು.

ಅಗತ್ಯ ಎಷ್ಟಿದೆ? ಬೆಂಗಳೂರಿನ ನಗರ, ಕೊಳೆಗೇರಿ ಮತ್ತು ಗ್ರಾಮೀಣ ಪ್ರದೇಶಗಳ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿದ, 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನೂರಕ್ಕೆ ಸುಮಾರು 12 ಮಕ್ಕಳಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತು. 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಸಮೀಕ್ಷೆ 13ರಿಂದ 17 ವಯಸ್ಸಿನವರಲ್ಲಿ ಈ ಪ್ರಮಾಣವನ್ನು ಶೇ. 7.3 ಎಂದಿತು. ಲೆಕ್ಕ ಹಾಕಿದ ರೀತಿಗಳು ಬೇರೆ ಬೇರೆ. ಆದರೆ ದೊಡ್ಡ ತರಗತಿಯೊಂದರಲ್ಲಿ ಕೆಲವರಾದರೂ ಇದ್ದೇ ಇರುತ್ತಾರೆ ಎಂಬುದಂತೂ ಖಚಿತ.

ಹದಿಹರೆಯದವರು ಮತ್ತು ಗುಟ್ಟು

ಐದು ವರ್ಷದ ಮಗು ಗೊಂಬೆಯ ಬಾಯಲ್ಲಿ ಮಾತಾಡುತ್ತದೆ. ಹತ್ತು ವರ್ಷದ್ದು ಚಿತ್ರದಲ್ಲಿ ಹೇಳುತ್ತದೆ. ಹದಿನಾರರ ಹುಡುಗಿ ಮಾತ್ರ ಅಮ್ಮ ಹೊರಗೆ ಹೋಗುವ ತನಕ ನೆಲ ನೋಡುತ್ತಾ ಕೂರುತ್ತಾಳೆ. ಅವಳ ಜೊತೆ ಏಕಾಂತದಲ್ಲಿ ಮಾತಾಡಲೇಬೇಕು. ‘ಒಳಗೆ ಏನಂದಳು?’ ಎಂದು ತಾಯಿ ಕೇಳಿದಾಗ ಎಲ್ಲವನ್ನೂ ಒಪ್ಪಿಸುವಂತಿಲ್ಲ. ಒಪ್ಪಿಸಿದರೆ ಆ ಹುಡುಗಿ ಮತ್ತೆ ಬಾಯಿ ಬಿಡುವುದಿಲ್ಲ.

ಆದರೆ ಈ ಗುಟ್ಟಿಗೂ ಮಿತಿಯುಂಟು, ಅದನ್ನು ಮೊದಲ ದಿನವೇ ಮಗುವಿಗೂ ಹೆತ್ತವರಿಗೂ ಹೇಳಿಬಿಡುತ್ತಾರೆ. ಜೀವಕ್ಕೆ ಅಪಾಯವಿದ್ದರೆ ಮನೆಯವರಿಗೆ ತಿಳಿಸಲೇಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಪ್ಪಿತಸ್ಥ ಮನೆಯವನೇ ಆಗಿದ್ದು ‘ಮರ್ಯಾದೆ ಪ್ರಶ್ನೆ ಮೇಡಂ, ಬಿಟ್ಟುಬಿಡಿ’ ಎಂದು ಇಡೀ ಸಂಸಾರ ಬೇಡಿಕೊಂಡರೂ ಬಿಡುವಂತಿಲ್ಲ. ಈ ವೃತ್ತಿಯ ಅತ್ಯಂತ ಭಾರವಾದ ಗಳಿಗೆಗಳು ಇವೇ. ಇಂಥ ಹೊತ್ತಿನಲ್ಲಿ ಒಬ್ಬರೇ ನಿರ್ಧರಿಸದೆ ಹಿರಿಯ ಸಹೋದ್ಯೋಗಿಗಳೊಂದಿಗೆ ಚರ್ಚಿಸುವುದೂ ತರಬೇತಿಯ ಭಾಗವೇ.

ಓದು, ಅರ್ಹತೆ, ನೋಂದಣಿ

ಪಿಯುಸಿಯಲ್ಲಿ ವಿಜ್ಞಾನವೇ ಆಗಬೇಕೆಂದಿಲ್ಲ. ಕಲಾ ವಿಭಾಗದವರೂ ಪದವಿಯಲ್ಲಿ ಮನೋವಿಜ್ಞಾನ ಆರಿಸಿಕೊಂಡು ಈ ದಾರಿಗೆ ಬರಬಹುದು. ಆಮೇಲೆ ಎಂ.ಎ. ಅಥವಾ ಎಂ.ಎಸ್‌ಸಿ. ಮನೋವಿಜ್ಞಾನ. ಅಷ್ಟಕ್ಕೇ ಚಿಕಿತ್ಸಾ ಮನೋವಿಜ್ಞಾನಿ ಎಂದು ಬೋರ್ಡು ಹಾಕುವಂತಿಲ್ಲ. 1992ರ ಕಾಯ್ದೆಯಂತೆ ಸ್ಥಾಪಿತವಾದ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ ಮುಗಿಸಿ, ಅದರ ರಿಜಿಸ್ಟರಿನಲ್ಲಿ ಹೆಸರು ನೋಂದಾಯಿಸಬೇಕು. ನೋಂದಣಿಯಿಲ್ಲದೆ ವೃತ್ತಿ ನಡೆಸುವುದು ಶಿಕ್ಷಾರ್ಹ.

ಈ ತರಬೇತಿ ಬಹುಕಾಲ ಎರಡು ವರ್ಷಗಳ ಎಂ.ಫಿಲ್. ರೂಪದಲ್ಲಿತ್ತು. ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮಣಿಪಾಲ ಮುಂತಾದ ಕಡೆ ಕೆಲವೇ ಸೀಟುಗಳಿಗೆ ತೀವ್ರ ಪೈಪೋಟಿ ನಡೆಯುತ್ತಿತ್ತು. ವಿಶ್ವವಿದ್ಯಾಲಯ ಧನಸಹಾಯ ಆಯೋಗ ಎಂ.ಫಿಲ್. ಪದವಿಯನ್ನೇ 2022ರಲ್ಲಿ ಕೈಬಿಟ್ಟು, ಈ ವಿಷಯಕ್ಕೆ 2025–26ರ ತನಕ ಅವಕಾಶ ವಿಸ್ತರಿಸಿತು. ಅದರ ಜಾಗದಲ್ಲಿ ಬೇರೆ ಪದವಿಗಳು ಬರುತ್ತಿವೆ. ಆದ್ದರಿಂದ ಯಾವ ಕೋರ್ಸಿಗೆ ಹಣ ಕಟ್ಟುವ ಮೊದಲೂ ‘ಇದಕ್ಕೆ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದೆಯೇ? ಮುಗಿಸಿದವರಿಗೆ ನೋಂದಣಿ ಸಿಗುತ್ತದೆಯೇ?’ ಎಂಬೆರಡು ಪ್ರಶ್ನೆ ಕೇಳಿ. ಕೆಲವು ತಿಂಗಳ ಸರ್ಟಿಫಿಕೇಟ್ ಕೋರ್ಸುಗಳ ಜಾಹೀರಾತಿಗೆ ಮರುಳಾಗಬೇಡಿ.

ಪದವಿಯಿಂದ ಲೆಕ್ಕ ಹಿಡಿದರೆ ಏಳೆಂಟು ವರ್ಷಗಳ ಓದು. ಇಂಜಿನಿಯರಿಂಗ್ ಮುಗಿಸಿದ ಗೆಳೆಯ ಸಂಬಳ ಎಣಿಸುವಾಗ ನೀವಿನ್ನೂ ವಾರ್ಡಿನಲ್ಲಿ ಕೇಸು ಬರೆಯುತ್ತಿರುತ್ತೀರಿ. ಆಮೇಲೆ ಆಸ್ಪತ್ರೆ, ವಿಶೇಷ ಶಾಲೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ, ಸ್ವಂತ ಕ್ಲಿನಿಕ್ಕು, ಅಧ್ಯಾಪನ ಎಂದು ದಾರಿಗಳಿವೆ. ಬೇಗ ಹಣ ಬೇಕೆನ್ನುವವರಿಗೆ ಈ ಕೆಲಸ ಹೇಳಿದ್ದಲ್ಲ. ನಿಧಾನವಾಗಿ ಕಾಣುವ ಫಲಕ್ಕೆ ಕಾಯಬಲ್ಲವರಿಗೆ, ಮಗುವಿನ ಸುಳ್ಳಿಗೂ ಸಿಟ್ಟಾಗದೆ ಅದರ ಹಿಂದಿನ ಕಾರಣ ಹುಡುಕಬಲ್ಲವರಿಗೆ, ಮನೆಗೆ ಹೋದ ಮೇಲೆ ಕೆಲಸದ ಭಾರ ಇಳಿಸಿಡಲು ಕಲಿಯಬಲ್ಲವರಿಗೆ ಹೇಳಿಸಿದ್ದು. ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಹಿಂಜರಿಯಬೇಕಾಗಿಲ್ಲ. ಓದು ಇಂಗ್ಲಿಷಿನಲ್ಲಿರುವುದು ನಿಜ, ಆದರೆ ಹೂ ಕಟ್ಟುವ ತಾಯಿಯ ಮಾತು ಅರ್ಥವಾಗುವುದು ಇಂಗ್ಲಿಷಿನಿಂದಲ್ಲ. ಕನ್ನಡದ ಜೊತೆಗೆ ತಮಿಳು, ಉರ್ದು, ತೆಲುಗುಗಳಲ್ಲಿ ಒಂದಾದರೂ ಬಂದರೆ ಅದು ಬೆಂಗಳೂರಿನಲ್ಲಿ ಇನ್ನೊಂದು ಪದವಿಗೆ ಸಮ.

ಹೆತ್ತವರಿಗೆ ನಾಲ್ಕು ಮಾತು

ಚೆನ್ನಾಗಿದ್ದ ಮಗು ಇದ್ದಕ್ಕಿದ್ದಂತೆ ಮಂಕಾದರೆ, ಊಟ ನಿದ್ದೆ ಕೆಟ್ಟರೆ, ಶಾಲೆಯೆಂದರೆ ಹೆದರಿದರೆ, ವರ್ಷಗಳು ಉರುಳಿದರೂ ಓದು ಹತ್ತದಿದ್ದರೆ, ಸಾಯುವ ಮಾತಾಡಿದರೆ ಕಾಯಬೇಡಿ. ‘ಸುಮ್ಮನೆ ಹೆದರಿಸುತ್ತಾನೆ’ ಎಂದು ತಳ್ಳಿಹಾಕಬೇಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಂಕಷ್ಟದಲ್ಲಿರುವ ಮಕ್ಕಳಿಗೆ 1098 ಸಹಾಯವಾಣಿಯಿದೆ.

ಪರೀಕ್ಷೆಗೆ ಕರೆದುಕೊಂಡು ಹೋಗುವಾಗ ಮಗುವಿಗೆ ‘ಡಾಕ್ಟರು ಸೂಜಿ ಚುಚ್ಚುತ್ತಾರೆ’ ಎಂದು ಹೆದರಿಸಬೇಡಿ, ‘ಸುಮ್ಮನೆ ಸುತ್ತಾಡಿಕೊಂಡು ಬರೋಣ’ ಎಂದು ಸುಳ್ಳನ್ನೂ ಹೇಳಬೇಡಿ. ‘ನಿನಗೆ ಓದು ಯಾಕೆ ಕಷ್ಟವಾಗುತ್ತಿದೆ ಅಂತ ತಿಳಿದವರನ್ನು ಕೇಳೋಣ’ ಎನ್ನಿ, ಸಾಕು. ಹಳೆಯ ನೋಟ್ ಪುಸ್ತಕಗಳನ್ನೂ ಅಂಕಪಟ್ಟಿಗಳನ್ನೂ ಜೊತೆಗೆ ಒಯ್ಯಿರಿ. ಸಾಧ್ಯವಾದರೆ ಅಪ್ಪ ಅಮ್ಮ ಇಬ್ಬರೂ ಹೋಗಿ. ಒಂದು ದಿನದ ಬಾಡಿಗೆ ತಪ್ಪಬಹುದು, ಮಗುವಿನ ಒಂದು ವರ್ಷ ಉಳಿಯುತ್ತದೆ.